ಅನಸುಬಾಯಿ ಕೇಳಿದ ಆಲ್ಬಮ್ಮು

ಕೇಳುವುದು ಹೇಗೆ ಎಂಬುದು ಜಗತ್ತಿನಲ್ಲಿ ಯಾರಿಗೂ ಗೊತ್ತಿಲ್ಲ ಎನ್ನುವ ಸಂಗತಿ ರಮೇಶಕುಮಾರ ಸರ್ ಅವರಿಗೆ ಪುಣೆಯಲ್ಲಿ ತಿಳಿಯಿತು. ಸೇಡಂನ ಕಾಲೇಜೊಂದರಲ್ಲಿ ಕಾಮರ್ಸ್ ಕಲಿಸಿಕೊಂಡು ನೆಟ್ಟಗೇ ಇದ್ದ ಮನುಷ್ಯ. ಮೂರು ದಿನದ ಶಿಬಿರಕ್ಕೆ ಹೋಗಿ ಬಂದದ್ದೇ ಬಂದದ್ದು, ಕೊರಳಿಗೆ ತೆಂಗಿನ ಹೋಳಿನಷ್ಟು ದಪ್ಪದ ಹೆಡ್‌ಫೋನು, ಮಾತಿನ ನಡುವೆ ಕಣ್ಣು ಮುಚ್ಚಿ ನಿಲ್ಲುವ ಚಟ. "ನಮಗೆ ಕಿವಿಗಳಿವೆ, ಆದರೆ ನಾವು ಆಲಿಸುತ್ತಿಲ್ಲ" ಎಂದು ಸ್ಟಾಫ್ ರೂಮಿನಲ್ಲೂ ಅಂದರು, ಚಹಾದಂಗಡಿಯಲ್ಲೂ ಅಂದರು. ಎದುರಿನವರು ಏನಾದರೂ ಹೇಳಹೋದರೆ ಮಾತ್ರ ಅವರಿಗೆ ಪುರುಸೊತ್ತಿರಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು? ಆದರೆ ಶಿಬಿರದಲ್ಲಿ ಅವರಿಗೆ ಒಂದು ಆಲ್ಬಮ್ ಸಿಕ್ಕಿತು. ನಾರ್ವೆಯ ಯಾರೋ ಪುಣ್ಯಾತ್ಮ ಮಾಡಿದ್ದು, ಹೆಸರು 'ನೀಲಿ ಗರ್ಭ', ಉದ್ದ ಎಪ್ಪತ್ನಾಲ್ಕು ನಿಮಿಷ. ಹಾಡಿಲ್ಲ, ತಾಳವಿಲ್ಲ, ಶುರುವಿಲ್ಲ, ಮುಕ್ತಾಯವಂತೂ ಇಲ್ಲವೇ ಇಲ್ಲ. ಸೈಕೆಡೆಲಿಕ್ ಆಂಬಿಯೆಂಟ್ ಎಲೆಕ್ಟ್ರಾನಿಕ್ ಸಂಗೀತ ಎಂದು ಅದರ ಕುಲಗೋತ್ರ. ಭಂಗಿ ಸೇದದೆಯೇ ಭಂಗಿ ಏರಿಸುವ ಸಂಗೀತ ಎಂದು ಸರ್ ಅವರೇ ವಿವರಿಸಿದರು. ಇದನ್ನು ಕಲ್ಲಿನ ಕಾರ್ಮಿಕರಿಗೆ ಕೇಳಿಸಬೇಕು, ಕೇಳುವ ಅವರ ಮುಖಗಳನ್ನು ವಿಡಿಯೊ ಮಾಡಬೇಕು, ಆ ವಿಡಿಯೊ ಲೋಕವೆಲ್ಲ ನೋಡಬೇಕು ಎಂಬುದು ಅವರ ಹಟ. ಶಹಾಬಾದಿನ ಕಲ್ಲು ಪಾಲಿಶ್ ಶೆಡ್ಡಿನ ಮಾಲಕ ಶಾಹನವಾಜ ಸೇಠ್‌ನ ಮಗಳು ಶೈಸ್ತಾ, ಸರ್ ಅವರ ಕ್ಲಾಸಿನಲ್ಲೇ ಓದುತ್ತಿದ್ದಳು. ಮಗಳ ಮಾಸ್ತರು ಬಾಯಿಬಿಟ್ಟು ಕೇಳಿದರೆ ಸೇಠ್ ಇಲ್ಲ ಎನ್ನುವುದು ಹೇಗೆ? ಶುಕ್ರವಾರ ಮಷೀನು ಬಂದ್ ಇರುತ್ತವೆ, ಹದಿನಾಲ್ಕು ಮಂದಿ ಆಳುಗಳೂ ಬಂದು ಕೂರಬೇಕು, ತಿನ್ನಲು ಮಂಡಕ್ಕಿಯ ಸುಸಲಾ, ಮಿರ್ಚಿ ಕೊಡಿಸುತ್ತೇನೆ ಎಂದುಬಿಟ್ಟ.

ಸುದ್ದಿ ಕೇಳಿ ಐದನೇ ಮಷೀನಿನ ಅನಸುಬಾಯಿಯ ಎದೆ ಧಸಕ್ಕೆಂದಿತು. ಕೇಳಿ ಎನ್ನುವುದೂ ತಪ್ಪೇ. ಬಿಬಿಜಾನ್ ಅವಳ ಬಲಗಿವಿಗೆ ಬಾಯಿ ಹಚ್ಚಿ ಒದರಿದ್ದರಿಂದ ಗೊತ್ತಾಯಿತು.

ಇಪ್ಪತ್ತಾರು ವರ್ಷ ಮಷೀನಿನ ಮಗ್ಗುಲಲ್ಲಿ ನಿಂತು ಅನಸುಬಾಯಿಯ ಎಡಗಿವಿ ಪೂರ್ತಿ ಬಂದಾಗಿತ್ತು, ಬಲಗಿವಿಯಲ್ಲಿ ಒಂದು ಚೂರು ಉಳಿದಿತ್ತು, ಅದೂ ಬಾಯಿ ಹಚ್ಚಿ ಒದರಿದರಷ್ಟೇ. ಇದು ಪಕ್ಕದ ಮಷೀನಿನ ಬಿಬಿಜಾನ್‌ಗೆ ಬಿಟ್ಟರೆ ಇನ್ನಾರಿಗೂ ಗೊತ್ತಿರಲಿಲ್ಲ. ಏಳು ಮಷೀನು ಒಟ್ಟಿಗೆ ಒದರುವ ಶೆಡ್ಡಿನಲ್ಲಿ ಯಾರ ಮಾತು ಯಾರಿಗೆ ತಾನೇ ಕೇಳಿಸುತ್ತದೆ? ಎಲ್ಲರೂ ಕೈಸನ್ನೆ ಮಾಡುತ್ತಾರೆ, ಎಲ್ಲರೂ ತುಟಿ ನೋಡುತ್ತಾರೆ. ಗದ್ದಲ ಇರುವಷ್ಟು ಹೊತ್ತು ಅವಳ ಗುಟ್ಟು ಭದ್ರ. ಅವಳಿಗೆ ಭಯವಿದ್ದದ್ದು ಶಾಂತಿಯ ಬಗ್ಗೆ, ಸರ್ ಹೊತ್ತು ತರುತ್ತಿದ್ದದ್ದೂ ಅದನ್ನೇ.

ಗುಟ್ಟು ಯಾಕೆಂದರೆ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಮೇಲೆ ಪಾಲಿಶ್ ಚಕ್ರ ತಿರುಗುವಾಗ ನೀರು ಬೀಳುತ್ತಲೇ ಇರಬೇಕು. ನೀರು ಕಡಿಮೆಯಾದರೆ ಮಷೀನಿನ ದನಿ ತೆಳ್ಳಗಾಗಿ ಗದ್ದಲವನ್ನೂ ಸೀಳಿಕೊಂಡು ಮೇಲೇರುತ್ತದೆ, ಹಲ್ಲು ಜುಂ ಎನ್ನುತ್ತದೆ. ಆಗಲೂ ನೀರು ಬಿಡದಿದ್ದರೆ ಕಲ್ಲಿಗೆ ಕಪ್ಪು ಸುಟ್ಟಕಲೆ. ಅದನ್ನು ಬಚ್ಚಲಿಗೆ ಹಾಸಲಿಕ್ಕೂ ಯಾರೂ ಒಯ್ಯುವುದಿಲ್ಲ. ಅದಕ್ಕೇ ಆ ಶೆಡ್ಡಿನಲ್ಲಿ ಒಂದು ರೂಢಿ. ಯಾರ ಮಷೀನೇ ಇರಲಿ, ಆ ದನಿ ಕಿವಿಗೆ ಬಿದ್ದವರು "ನೀರೋ!" ಎಂದು ಕೂಗಬೇಕು, ಹತ್ತಿರವಿದ್ದವರು ವಾಲ್ವಿಗೆ ಓಡಬೇಕು. ಬಾಯಲ್ಲಿ ತುತ್ತಿದ್ದರೂ ಓಡಬೇಕು. ಇನ್ನೊಂದು ರೂಢಿಯೂ ಇತ್ತು. ಕಲ್ಲು ಸುಟ್ಟವರ ಕೈಗೆ ಸೇಠ್ ಕಸಬರಿಗೆ ಕೊಡುತ್ತಿದ್ದ. ಹೋದ ವರ್ಷ ಕಿವಿ ಮಂದವಾಗಿ ಭಗವಂತ ಎಂಬ ಆಳು ಎರಡು ಕಲ್ಲು ಸುಟ್ಟ. ಮರುದಿನದಿಂದ ಕೆಸರು ಗುಡಿಸಿದ, ಅರ್ಧ ಪಗಾರಕ್ಕೆ. ತಿಂಗಳೊಪ್ಪತ್ತಿನಲ್ಲಿ ಶೆಡ್ಡಿಗೆ ಬರುವುದನ್ನೇ ಬಿಟ್ಟ.

ಅನಸುಬಾಯಿ ಮಾತ್ರ ಒಂದು ಕಲ್ಲೂ ಸುಟ್ಟವಳಲ್ಲ. ಹಿಡಿಕೆಯ ನಡುಕ ಅವಳ ಅಂಗೈಗೆ ಬರುತ್ತಿತ್ತು. ನೀರಿದ್ದಾಗ ಒಂದು ನಡುಕ, ನೀರು ಇಳಿಯತೊಡಗಿದರೆ ಇನ್ನೊಂದು. ದನಿ ಬದಲಾಗುವ ಮೊದಲೇ ಅಂಗೈಗೆ ಗೊತ್ತಾಗುತ್ತಿತ್ತು. ಇದನ್ನು ಭಗವಂತನಿಗೆ ಹೇಳಿಕೊಡಬಹುದಿತ್ತು. ಹೇಳಿದರೆ ತನ್ನ ಗುಟ್ಟೂ ಹೊರಬೀಳುತ್ತದೆಂದು ಬಾಯಿ ಮುಚ್ಚಿಕೊಂಡಿದ್ದಳು, ಅದು ನೆನಪಾದಾಗಲೆಲ್ಲ ನಾಚಿಕೆಯಾಗುತ್ತಿತ್ತು.

"ಅಂಜಬ್ಯಾಡ ಅಕ್ಕಾ," ಎಂದಳು ಬಿಬಿಜಾನ್, ತುಟಿ ಅಗಲಿಸಿ. "ನನ್ನ ಬಾಜೂ ಕುಂದ್ರು. ಒಂದು ಸಲ ತಿವಿದ್ರ ನಗು, ಎರಡು ಸಲ ತಿವಿದ್ರ ಚಪ್ಪಾಳಿ ಹೊಡಿ."

"ಮೂರು ಸಲ ತಿವಿದ್ರ?"

"ಮೂರು ಸಲ ತಿವಿದ್ರ ಸುಸಲಾ ಬಂದದ ಅಂತ ತಿಳ್ಕೋ."

ಶುಕ್ರವಾರ ಬಂತು. ವಾಡಿಯಿಂದ ಡಿಜೆಯವನ ಟೆಂಪೋದಲ್ಲಿ ಆಳೆತ್ತರದ ಎರಡು ಸ್ಪೀಕರು ಬಂದವು. ಶಾಮಿಯಾನದವನ ಅಂಗಡಿಯಿಂದ ಹದಿನಾಲ್ಕು ಗಾದಿ ಬಂದವು. ಸರ್ ಗಾದಿಗಳನ್ನು ಆರಾರು ಅಡಿ ದೂರ ಹಾಸಿಸಿದರು. ಒಬ್ಬೊಬ್ಬರೂ ಒಂಟಿಯಾಗಿ ಪಯಣಿಸಬೇಕಂತೆ. ಬಿಬಿಜಾನ್‌ಳನ್ನು ಈ ಗೋಡೆಗೆ, ಅನಸುಬಾಯಿಯನ್ನು ಆ ಗೋಡೆಗೆ ಒಗೆದರು. ತಿವಿಯುವ ಯೋಜನೆ ಅಲ್ಲಿಗೆ ಮಣ್ಣುಗೂಡಿತು. ಇರಲಿ, ನೆಲದ ಮೇಲೆ ಅಂಗಾಲು ಊರಿದರೆ ಸದ್ದು ಹತ್ತಿತೋ ಬಿಟ್ಟಿತೋ ತಿಳಿದೀತು ಎಂದುಕೊಂಡಳು. ಸರ್ ಬಂದು ಚಕ್ಕಳಬಕ್ಕಳ ಹಾಕಿಸಿ ಕಾಲನ್ನೂ ಗಾದಿಯ ಮೇಲೆ ಎಳೆಸಿದರು. ಇರಲಿ, ಬೇರೆಯವರ ಮುಖ ನೋಡಿ ಮುಖ ಮಾಡಿಕೊಳ್ಳುತ್ತೇನೆ ಎಂದುಕೊಂಡಳು. ಸರ್ ಎಲ್ಲರಿಗೂ ಕಣ್ಣು ಮುಚ್ಚಲು ಹೇಳಿದರು. ಕೇಳುವುದನ್ನು ಕಲಿಸಲು ಬಂದ ಮಹಾಶಯ ಅವಳ ಪಾಲಿಗೆ ಇದ್ದಬದ್ದ ಬಾಗಿಲುಗಳನ್ನೆಲ್ಲ ಒಂದೊಂದಾಗಿ ಹಾಕಿಕೊಂಡು ಹೋದರು.

"ಯೋಚಿಸಬೇಡಿ. ಪ್ರತಿಕ್ರಿಯಿಸಬೇಡಿ. ಧ್ವನಿಯಲ್ಲಿ ಕರಗಿ," ಎಂದರು ಸರ್. ಅನಸುಬಾಯಿಗೆ ಅವರ ತುಟಿಯಲ್ಲಿ 'ಬೇಡಿ, ಬೇಡಿ' ಎಂಬುದಷ್ಟೇ ಸಿಕ್ಕಿತು. ಕಣ್ಣು ಮುಚ್ಚಿದಳು.

ಆಮೇಲೆ ನಡೆದದ್ದನ್ನು ಅವಳಿಗೆ ಬಿಬಿಜಾನ್ ಹೇಳಿದ್ದು. ಮೊದಲು ಯಾರೋ ಟ್ರ್ಯಾಕ್ಟರ್ ಚಾಲೂ ಇಟ್ಟು ಉಣ್ಣಲು ಹೋದ ಹಾಗೆ ಇತ್ತಂತೆ. ಹತ್ತು ನಿಮಿಷಕ್ಕೆ ಯಾವುದೋ ತಗಡಿನ ಡಬ್ಬಿಯೊಳಗೆ ನೊಣ ಸಿಕ್ಕಿಬಿದ್ದಿತಂತೆ. ಇಪ್ಪತ್ತಕ್ಕೆ ಆ ನೊಣವೂ ಬೇಸತ್ತಿತಂತೆ. ಒಂದನೇ ಮಷೀನಿನ ದೇವಿಂದ್ರ ಗೊರಕೆ ಹೊಡೆದ. ಸರ್ ಅವನ ಮುಖದ ಹತ್ತಿರ ಮೊಬೈಲು ಹಿಡಿದು, ಸಮಾಧಿ ಸ್ಥಿತಿ ಎಂದು ಪಿಸುಗುಟ್ಟಿದರು.

ಅನಸುಬಾಯಿ ಇತ್ತ ಕತ್ತಲಲ್ಲಿ ಕೂತು ಎಣಿಸಿದಳು. ಒಂದು ಗಂಟೆಯೇ? ಇನ್ನೂ ಅರ್ಧವೇ? ಸಿಕ್ಕಿಬಿದ್ದರೆ ಏನು ಹೇಳುವುದು? ಭಗವಂತ ಬಗ್ಗಿ ಕೆಸರು ಬಾಚುತ್ತಿದ್ದ ಬೆನ್ನು ಕಣ್ಣಿಗೆ ಕಟ್ಟಿತು, ಅಳು ಬಂತು. ತಡೆದುಕೊಂಡಳು, ಆದರೂ ಒಂದೆರಡು ಹನಿ ಇಳಿದವು. ಗಾದಿ ಮಾತ್ರ ಮೆತ್ತಗಿತ್ತು. ಇಪ್ಪತ್ತಾರು ವರ್ಷದಲ್ಲಿ ಆ ಶೆಡ್ಡಿನಲ್ಲಿ ಅವಳು ಕೂತದ್ದು ಅದೇ ಮೊದಲು.

ನಲವತ್ತನೇ ನಿಮಿಷಕ್ಕೆ 'ನೀಲಿ ಗರ್ಭ' ತನ್ನ ಶಿಖರ ಮುಟ್ಟಿತು. ನಾರ್ವೆಯವನು ಅಲ್ಲಿ ದನಿಯನ್ನು ಮೆಲ್ಲಗೆ ತೆಳ್ಳಗೆ ಮಾಡುತ್ತ, ಎಳೆಯುತ್ತ, ಮೇಲೇರಿಸಿದ್ದಾನೆ. ಸರ್ ಅವರ ಪ್ರಕಾರ ಅದು ಆತ್ಮ ದೇಹವನ್ನು ಬಿಡುವ ಗಳಿಗೆ. ಶಹಾಬಾದಿನ ಕಿವಿಗಳ ಪ್ರಕಾರ ನೀರು ನಿಂತ ಗಳಿಗೆ.

"ನೀರೋ!" ಎಂದು ಹದಿಮೂರು ಗಂಟಲು ಒಮ್ಮೆಲೇ ಒದರಿದವು. ಹದಿಮೂರು ಮಂದಿ ಗಾದಿ ಒದ್ದು ಎದ್ದರು. ನಿದ್ದೆಯಲ್ಲಿದ್ದ ದೇವಿಂದ್ರ ಕಣ್ಣು ತೆರೆಯುವ ಮೊದಲೇ ದೊಡ್ಡ ವಾಲ್ವು ತೆರೆದಿದ್ದ. ಏಳೂ ಮಷೀನಿಗೆ ನೀರು ಧೋ ಎಂದು ಸುರಿಯಿತು, ಗಾದಿಗಳ ಕೆಳಗೆ ಹರಿಯಿತು. ಡಿಜೆಯವನು ಅಯ್ಯಯ್ಯೋ ಎಂದು ಸ್ಪೀಕರ್ ತಬ್ಬಿಕೊಂಡು ವೈರು ಕಿತ್ತ.

"ಕಲ್ಲು ಸುಡಾಕತ್ತದ! ಯಾವ ಮಷೀನೋ?" ಎಂದು ದೇವಿಂದ್ರ ಕೂಗಾಡುತ್ತಿದ್ದ.

ಈ ರಣರಂಪದ ನಡುವೆ ಗೋಡೆಯ ಪಕ್ಕ ಅನಸುಬಾಯಿ ಒಬ್ಬಳೇ ಕಣ್ಣು ಮುಚ್ಚಿ ಅಲುಗದೆ ಕೂತಿದ್ದಳು. ಕೆನ್ನೆಯ ಮೇಲೆ ಕಣ್ಣೀರಿನ ಎರಡು ಗೆರೆ.

ಗಾದಿ ತೊಯ್ದು ಸೀರೆ ಒದ್ದೆಯಾದಾಗ ಅವಳು ಕಣ್ಣು ತೆರೆದಳು. ಎಲ್ಲರೂ ನಿಂತಿದ್ದರು. ಎದುರಿಗೆ ರಮೇಶಕುಮಾರ ಸರ್ ನೀರಿನಲ್ಲೇ ಮೊಣಕಾಲೂರಿ ಕೈಮುಗಿದಿದ್ದರು.

"ನೋಡಿ! ಎಲ್ಲರೂ ಗದ್ದಲ ಮಾಡಿದಿರಿ. ನಿಜವಾಗಿ ಆಲಿಸಿದವರು ಈ ತಾಯಿ ಒಬ್ಬರೇ! ಆ ಸದ್ದಿಗೆ ಕಣ್ಣೆವೆ ಕೂಡ ಅಲುಗಲಿಲ್ಲ!"

ಸೇಠ್ ಬಾಗಿಲಲ್ಲಿ ನಿಂತಿದ್ದ. ಅವನು ಮಾಲಕನಾಗುವ ಮೊದಲು ಹದಿನೈದು ವರ್ಷ ಮಷೀನು ಹಿಡಿದವನು. ಅಂಥ ದನಿಗೆ ಕಣ್ಣೆವೆ ಅಲುಗದ ಪಾಲಿಶ್‌ನವಳು ಇರಲು ಸಾಧ್ಯವಿಲ್ಲವೆಂದು ಅವನಿಗೆ ಯಾವ ಪುಣೆಯವರೂ ಹೇಳಿಕೊಡಬೇಕಿರಲಿಲ್ಲ. ಮೆಲ್ಲಗೆ ಅನಸುಬಾಯಿಯ ಬೆನ್ನ ಹಿಂದೆ ಹೋಗಿ ನಿಂತು ಕೂಗಿದ.

"ನೀರೋ!"

ಡಿಜೆಯವನೂ ಬೆಚ್ಚಿ ತಿರುಗಿದ. ಅನಸುಬಾಯಿ ಸರ್ ಅವರ ತುಟಿಯನ್ನೇ ನೋಡುತ್ತಿದ್ದಳು. ಆಚೆ ಬಿಬಿಜಾನ್ ಬಾಯಿಗೆ ಸೆರಗು ಒತ್ತಿಕೊಂಡದ್ದು ಕಂಡಿತು. ತಿರುಗಿ ನೋಡಿದರೆ ಬೆನ್ನ ಹಿಂದೆ ಸೇಠ್. ಮುಗಿಯಿತು ಎಂದುಕೊಂಡಳು. ಇನ್ನು ಮುಚ್ಚಿಟ್ಟು ಏನು ಮಾಡುವುದಿತ್ತು?

"ಹೌದ್ರಿ ಸೇಠ್‌ರ, ನನಗ ಕಿವಿ ಕೇಳ್ಸಂಗಿಲ್ಲ. ಎರಡು ವರ್ಷ ಆಯ್ತು."

"ಆಹಾ!" ಎಂದರು ಸರ್. "ನನಗೆ ಕೇಳಿಸುವುದಿಲ್ಲ ಅಂದರು! ಕೇಳುವವಳೇ ಕರಗಿಹೋದ ಸ್ಥಿತಿ ಇದು! ತಾಯಿ, ಇನ್ನೊಮ್ಮೆ, ಕ್ಯಾಮೆರಾ ನೋಡಿ ಹೇಳಿ."

"ಸರ್, ನಾ ಕಿವುಡಿ ಅದೀನಿ."

"ಎಂಥ ವಿನಯ!"

ಸೇಠ್‌ಗೆ ವಿನಯ ಬೇಕಿರಲಿಲ್ಲ. ಅವಳ ಎದುರಿಗೆ ಬಂದು, ತುಟಿ ಕಾಣುವಂತೆ ನಿಂತ. ಕೆಟ್ಟ ಮನುಷ್ಯನಲ್ಲ, ಮುಖ ಸಣ್ಣದಾಗಿತ್ತು. "ಅನಸುಬಾಯಿ, ನಾಳೆಯಿಂದ ಮಷೀನ್ ಮುಟ್ಟಬ್ಯಾಡ. ಕಲ್ಲು ಸುಟ್ರ ಮಾಲು ಒಯ್ಯೋ ಪಾರ್ಟಿಯವರು ನನ್ನ ಮುಖ ನೋಡಂಗಿಲ್ಲ. ಕಸಬರಿಗಿ ಹಿಡಿ." ದೇವಿಂದ್ರ ಮೂಲೆಯಿಂದ ಕಸಬರಿಗೆ ತಂದು, ಅವಳ ಕೈಗೆ ಕೊಡಲು ಮನಸ್ಸಾಗದೆ, ಐದನೇ ಮಷೀನಿಗೆ ಒರಗಿಸಿ ಇಟ್ಟ.

ಅದನ್ನು ನೋಡಿದ್ದೇ ಅನಸುಬಾಯಿಯ ಅಂಜಿಕೆ ಎಲ್ಲಿ ಹೋಯಿತೋ, ಮೈಯೆಲ್ಲ ಸಿಟ್ಟೇ ತುಂಬಿತು.

"ಎರಡು ವರ್ಷದಾಗ ನನ್ನ ಕೈಯಾಗ ಒಂದಾದ್ರೂ ಕಲ್ಲು ಸುಟ್ಟದೇನ್ರಿ? ಒಂದು ತೋರಸ್ರಿ, ಈಗೇ ಹೋಗ್ತೀನಿ!"

ಸೇಠ್ ನೆನೆಸಿಕೊಂಡ, ಗಡ್ಡ ಕೆರೆದುಕೊಂಡ. "ಇಲ್ಲ. ನಿನ್ನ ನಶೀಬ ಛಲೋ ಅದ."

"ನಶೀಬ ಅಲ್ರಿ, ಅಂಗೈ! ಮಷೀನ್ ಚಾಲೂ ಮಾಡ್ರಿ. ವಾಲ್ವ್ ನಿಮ್ಮ ಕೈಯಾಗ ಇರ್ಲಿ. ನಾ ಅದರ ಕಡಿ ಬೆನ್ನು ಮಾಡಿ, ಕಣ್ಣು ಮುಚ್ಚಿ ನಿಲ್ತೀನಿ."

ಕಲ್ಲು ಹಾಸಿದರು, ಐದನೇ ಮಷೀನು ತಿರುಗಿತು. ಸೇಠ್ ನೀರನ್ನು ಎಳೆ ಎಳೆಯಾಗಿ ಕಡಿಮೆ ಮಾಡಿದ. ಹದಿಮೂರು ಜೋಡಿ ಕಿವಿ ನೆಟ್ಟಗಾದವು. ದನಿ ಇನ್ನೂ ಇದ್ದಂತೆಯೇ ಇತ್ತು, ಯಾರ ಬಾಯಿಯೂ ತೆರೆದಿರಲಿಲ್ಲ, ಅಷ್ಟರಲ್ಲಿ ಅನಸುಬಾಯಿ ಮಷೀನು ಬಂದ್ ಮಾಡಿ ತಿರುಗಿದಳು. "ನೀರು ಇಳದದ," ಎಂದಳು.

"ಒಮ್ಮೆ ಆಗ್ತದ," ಎಂದ ಸೇಠ್, ಸೋಲಲು ಮನಸ್ಸಿಲ್ಲದೆ. "ಕಿವಿ ಕಿವೀನೇ."

"ಹಂಗಂದ್ರ ಸರ್ ಮಷೀನ್ ಹಿಡೀಲಿ. ಅವರಿಗಿ ಎರಡೂ ಕಿವಿ ಅದಾವ."

ಸರ್ ಅವರಿಗೆ ಹೇಳುವುದೇ ತಡ. ಹೆಡ್‌ಫೋನು ಏರಿಸಿ, ಅದರ ಮೈಕನ್ನು ಮಷೀನಿಗೆ ಸಿಕ್ಕಿಸಿ, ಹಿಡಿಕೆ ಹಿಡಿದು ಕಣ್ಣು ಮುಚ್ಚಿದರು. ಸೇಠ್ ಎಲ್ಲರಿಗೂ ತುಟಿಯ ಮೇಲೆ ಬೆರಳಿಟ್ಟು ತೋರಿಸಿ ವಾಲ್ವು ತಿರುವಿದ. ದನಿ ತೆಳ್ಳಗಾಯಿತು. ಮೇಲೇರಿತು. ದೇವಿಂದ್ರ ಕೂಗು ತಡೆಯಲಾರದೆ ತನ್ನ ಬಾಯಿ ತಾನೇ ಮುಚ್ಚಿಕೊಂಡ. ಬಿಬಿಜಾನ್ ನಿಂತಲ್ಲೇ ಕುಣಿದಾಡಿದಳು. ಸರ್ ಅವರ ಮುಖದ ಮೇಲೆ ಮಾತ್ರ ಪರಮಾನಂದ.

"ಇಲ್ಲಿ... ಇಲ್ಲಿ ತೆರೆದುಕೊಳ್ಳುತ್ತಿದೆ ನೋಡಿ..." ಎಂದರು.

ತೆರೆದುಕೊಂಡದ್ದು ಹೊಗೆ. ಸುಟ್ಟ ವಾಸನೆ ಮೂಗಿಗೆ ಬಡಿದು ಅನಸುಬಾಯಿ ಓಡಿಹೋಗಿ ಬಟನ್ ಒತ್ತಿದಳು. ಕಲ್ಲಿನ ನಟ್ಟನಡುವೆ ಕರ್ರಗಿನ ಕಲೆ ಬಿದ್ದಿತ್ತು.

"ಯಾಕೆ ನಿಲ್ಲಿಸಿದಿರಿ? ಈಗಷ್ಟೇ ಶುರುವಾಗಿತ್ತು," ಎಂದರು ಸರ್, ಕಣ್ಣು ಬಿಟ್ಟು.

ಸೇಠ್ ಕಲ್ಲನ್ನು ನೋಡಿದ. ಕಲೆಯ ಮೇಲೆ ಹೆಬ್ಬೆರಳು ಉಜ್ಜಿದ. "ಅನಸುಬಾಯಿ, ನಾಳೆ ಏಳಕ್ಕ ಬಾ. ಮಷೀನ್ ನಿಂದೇ," ಎಂದ. ಅವಳು ಅದನ್ನು ಅವನ ತುಟಿಯಲ್ಲಿ ಅಕ್ಷರ ಅಕ್ಷರವಾಗಿ ಓದಿಕೊಂಡಳು. ಕಣ್ಣೀರು ಮತ್ತೆ ಬಂತು, ಈ ಸಲ ತಡೆಯಲಿಲ್ಲ.

ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಮಷೀನಿಗೆ ಒರಗಿಸಿದ್ದ ಕಸಬರಿಗೆ ಎತ್ತಿ, ಎರಡೂ ಕೈಯಲ್ಲಿ ಹಿಡಿದು ಮರ್ಯಾದೆಯಿಂದ ರಮೇಶಕುಮಾರ ಸರ್ ಅವರ ಮುಂದೆ ಚಾಚಿದಳು. "ತಗೋರಿ ಸರ್. ಇಲ್ಲಿ ಕಲ್ಲು ಸುಟ್ಟೋರಿಗಿ ಇದನ್ನೇ ಕೊಡ್ತಾರ."

ಸರ್ ಸೇಠ್‌ನ ಕಡೆ ನೋಡಿದರು. ಎಷ್ಟೆಂದರೂ ಮಗಳ ಮಾಸ್ತರು. ಸೇಠ್ ಶೆಡ್ಡಿನ ತುಂಬ ನಿಂತ ನೀರನ್ನು ಬೆರಳಲ್ಲಿ ತೋರಿಸಿದ.

"ಆ ಮೂಲಿಯಿಂದ ಶುರು ಮಾಡ್ರಿ ಸರ್," ಎಂದ.