ದೋಷ ಕಂಡುಬಂದಿಲ್ಲ

ಮೂರನೇ ಸಲವೂ ಸರ್ವಿಸ್ ಸೆಂಟರಿನ ಚೀಟಿಯಲ್ಲಿ ಅದೇ ಮಾತು ಬರೆದುಕೊಟ್ಟಿದ್ದರು: ದೋಷ ಕಂಡುಬಂದಿಲ್ಲ. ಓದುತ್ತಿದ್ದಂತೆ ಆ ಟ್ಯಾಕ್ಸಿ ಓಡಿಸುವ ಹೆಂಗಸಿಗೆ ಮೈಯೆಲ್ಲ ಉರಿದುಹೋಯಿತು.

ಕಾರು ಕೊಂಡು ಏಳು ತಿಂಗಳು, ವಾರಂಟಿ ಮೂರು ವರ್ಷದ್ದು. ಎ.ಸಿ. ಮಾತ್ರ ಮೊದಲ ಅರ್ಧ ಗಂಟೆ ತಣ್ಣಗೆ ಬೀಸಿ, ಆಮೇಲೆ ಒಲೆಯ ಬಾಯಿಯಂತೆ ಬಿಸಿ ಉಗುಳುತ್ತಿತ್ತು. ಗಾಡಿ ಆರಿದರೆ ಮತ್ತೆ ಸಾಧುವಾಗುತ್ತಿತ್ತು. ಅವಳು ಬಿಸಿ ಗಾಡಿಯನ್ನೇ ತಂದು ನಿಲ್ಲಿಸಿದರೂ ಸರ್ವಿಸ್ ಸೆಂಟರಿನವರು ಸರದಿಯಲ್ಲಿ ಎರಡು ಗಂಟೆ ಕಾಯಿಸಿ, ಅದು ಚೆನ್ನಾಗಿ ಆರಿದ ಮೇಲೆ ಶೆಡ್ಡಿನ ನೆರಳಲ್ಲಿ ಹತ್ತು ನಿಮಿಷ ಓಡಿಸಿ ನೋಡಿ ಕಳಿಸಿಬಿಡುತ್ತಿದ್ದರು. ಬಿಸಿಯಾದಾಗ ನೋಡಿ ಎಂದು ಎಷ್ಟು ಗೋಗರೆದರೂ ಮ್ಯಾನೇಜರ್ ತಲೆಯಾಡಿಸುತ್ತಿದ್ದನೇ ಹೊರತು ಕಿವಿಗೆ ಹಾಕಿಕೊಳ್ಳಲಿಲ್ಲ.

ವಾರಕ್ಕೆ ಮೂರು ದಿನ ಅವಳು ನಿವೃತ್ತ ಟೀಚರೊಬ್ಬರನ್ನು ಡಯಾಲಿಸಿಸ್‌ಗೆ ಕರೆದೊಯ್ಯುತ್ತಿದ್ದಳು. ಆ ಮಂಗಳವಾರ ವಾಪಸು ಬರುವಾಗ ಸೇತುವೆಯ ಮೇಲೆ ಟ್ರಾಫಿಕ್ ಜಾಮ್ ಆಯಿತು, ಎ.ಸಿ. ಕೈಕೊಟ್ಟಿತು. ಗಾಜು ಇಳಿಸಿದರೆ ಒಳಗೆ ಬಂದದ್ದು ಪಕ್ಕದ ಲಾರಿಯ ಹೊಗೆ. ಹಿಂದಿನ ಸೀಟಿನಲ್ಲಿ ವಟವಟ ಮಾತಾಡುತ್ತಿದ್ದ ಟೀಚರ್ ಇದ್ದಕ್ಕಿದ್ದಂತೆ ಸುಮ್ಮನಾದರು. ತಿರುಗಿ ನೋಡಿದರೆ ಕತ್ತು ವಾಲಿತ್ತು, ಮುಖ ಬಿಳಿಚಿಕೊಂಡಿತ್ತು. ಹೇಗೋ ಗಾಡಿ ತಿರುಗಿಸಿ ಆಸ್ಪತ್ರೆ ಮುಟ್ಟಿಸಿದಳು. ಬಿಪಿ ಪೂರ್ತಿ ಇಳಿದಿತ್ತಂತೆ. ಎರಡು ಗಂಟೆ ಮಲಗಿಸಿಕೊಂಡು, ಸುಧಾರಿಸಿದ ಮೇಲೆ ಮನೆಗೆ ಕಳಿಸಿದರು. ಓಡಿಬಂದಿದ್ದ ಟೀಚರ ಮಗಳು ಎಲ್ಲರೆದುರು ಅವಳನ್ನು ವಾಚಾಮಗೋಚರ ಬೈದಳು.

ಮರುದಿನ ಬಿಸಿಲೇರುವ ಹೊತ್ತಿಗೆ ಸರ್ವಿಸ್ ಸೆಂಟರಿಗೆ ಬಂದವಳು ಕಾರನ್ನು ಗೇಟಿಗೆ ಅಡ್ಡ ನಿಲ್ಲಿಸಿದಳು. ಮ್ಯಾನೇಜರ್ ಈ ಸಲ ಹೊಸ ವರಸೆ ತೆಗೆದ. ಗಾಡಿಗೆ ಹಿಂಬದಿಯ ಕ್ಯಾಮೆರಾ ಹಾಕಿಸಲು ವೈರ್ ಮುಟ್ಟಿದ್ದೀರಿ, ಇನ್ನು ವಾರಂಟಿ ಅನ್ವಯಿಸುವುದು ಕಷ್ಟ ಎಂದ.

"ಕ್ಯಾಮೆರಾ ಹಾಕಿದ್ದು ನಿಮ್ಮ ಹುಡುಗರೇ. ತಗೊಳ್ಳಿ ಬಿಲ್ಲು," ಎಂದು ಅವನ ಮುಖದೆದುರು ಹಿಡಿದಳು. "ಈಗ ಹಿಂದಿನ ಸೀಟಲ್ಲಿ ಕೂತ್ಕೊಳ್ಳಿ. ನೀವು ಹತ್ತೋವರೆಗೂ ಈ ಗಾಡಿ ಅಲುಗಾಡಲ್ಲ."

ಮೀಟಿಂಗ್ ಇದೆ ಎಂದ. ಅವಳು ಕದಲಲಿಲ್ಲ. ಹಿಂದೆ ನಾಲ್ಕು ಕಾರುಗಳು ಒಂದೇ ಸಮನೆ ಹಾರ್ನ್ ಹೊಡೆಯತೊಡಗಿದ ಮೇಲೆ ಬೇರೆ ದಾರಿ ಕಾಣದೆ ಹಲ್ಲು ಕಚ್ಚಿಕೊಂಡು ಹತ್ತಿದ. ಹಳೆಯ ಮೆಕ್ಯಾನಿಕ್‌ನನ್ನು ಮುಂದೆ ಕೂರಿಸಿಕೊಂಡ.

ಅವಳು ನೇರ ಸೇತುವೆಯ ಕಡೆಗೇ ಬಿಟ್ಟಳು. ಮ್ಯಾನೇಜರ್ ಹಾಯಾಗಿ ಫೋನಿನಲ್ಲಿ ಮಾತಾಡುತ್ತಿದ್ದ. ಮೂವತ್ತೈದು ನಿಮಿಷವಾಯಿತು, ಗಾಳಿ ಬಿಸಿಯಾಯಿತು. ಅವನು ಫೋನ್ ಇಟ್ಟ, ಟೈ ಸಡಿಲಿಸಿದ, ಕುತ್ತಿಗೆ ಒರೆಸಿಕೊಂಡ. ಗಾಜು ಇಳಿಸಲು ನೋಡಿದರೆ ಅದನ್ನು ಅವಳು ಲಾಕ್ ಮಾಡಿದ್ದಳು.

"ಗಾಜು ಇಳಿಸಿ ಮೇಡಂ."

"ಐದು ನಿಮಿಷ ತಡ್ಕೊಳ್ಳಿ ಸರ್. ನಿಮ್ಗೆ ಕಾಯಿಲೆ ಏನೂ ಇಲ್ವಲ್ಲ."

ಮೆಕ್ಯಾನಿಕ್ ಮೆಲ್ಲಗೆ, ಪಕ್ಕಕ್ಕೆ ಹಾಕಮ್ಮ, ಇಂಜಿನ್ ಆರಿಸಬೇಡ ಎಂದ. ಇಳಿದು ಬಾನೆಟ್ ಎತ್ತಿ ಇಬ್ಬರನ್ನೂ ಕರೆದ. ಬೆಲ್ಟ್ ತಿರುಗುತ್ತಿತ್ತು, ಎ.ಸಿ.ಯ ಕಂಪ್ರೆಸರಿನ ಮುಂದಿನ ತಟ್ಟೆ ಮಾತ್ರ ಸುಮ್ಮನೆ ನಿಂತಿತ್ತು. ಆ ತಟ್ಟೆಯನ್ನು ಆಯಸ್ಕಾಂತ ಎಳೆದು ಹಿಡಿಯಬೇಕು, ಸಂದು ಹೆಚ್ಚಾಗಿದೆ, ಬಿಸಿಯಾದರೆ ಎಳೆಯಲು ಶಕ್ತಿ ಸಾಲುತ್ತಿಲ್ಲ ಎಂದು ವಿವರಿಸಿದ. ಉದ್ದನೆಯ ಕೋಲಿನಿಂದ ತಟ್ಟೆಯನ್ನು ಹುಷಾರಾಗಿ ಒತ್ತಿದ. ಟಕ್ ಎಂದು ಅಂಟಿಕೊಂಡು ತಿರುಗತೊಡಗಿತು. ಒಳಗೆ ತಣ್ಣನೆ ಗಾಳಿ ಬಂತು.

"ಮೊದಲನೇ ಸಲಾನೇ ಹೇಳಿದ್ದೆ ಸರ್, ಬಿಸಿ ಇದ್ದಾಗ ನೋಡೋಣ ಅಂತ," ಎಂದ ಅವನು. "ಒಂದು ಗಾಡಿಗೆ ಹತ್ತು ನಿಮಿಷಕ್ಕಿಂತ ಹೆಚ್ಚು ಬೇಡ ಅಂದ್ರಿ."

ಅವರು ಗೊತ್ತಾಗದೆ ತಪ್ಪಿದ್ದರೆ ಅವಳು ಹೇಗೋ ನುಂಗಿಕೊಳ್ಳುತ್ತಿದ್ದಳು. ಗೊತ್ತಿದ್ದೂ ಕಳಿಸಿದ್ದರು.

"ನಿನ್ನೆ ಇದೇ ಸೀಟಲ್ಲಿ ಪ್ರಜ್ಞೆ ತಪ್ಪಿದ ಆ ತಾಯಿ ಹೋಗಿಬಿಟ್ಟಿದ್ರೆ ಯಾವ ಚೀಟಿ ಬರೀತಿದ್ರಿ?" ಎಂದಳು. ಮ್ಯಾನೇಜರ್ ಬಾನೆಟ್ ಇಳಿಸಿ, ಗಾಡಿ ಸೆಂಟರಿಗೇ ತಿರುಗಿಸಿ ಎಂದ.

ಸಂಜೆಯೊಳಗೆ ಕಂಪ್ರೆಸರನ್ನೇ ಬದಲಾಯಿಸಿಕೊಟ್ಟರು, ಒಂದು ಪೈಸೆ ಕೇಳಲಿಲ್ಲ. ಆದರೆ ಕಾಗದದಲ್ಲಿ 'ಸಾಮಾನ್ಯ ನಿರ್ವಹಣೆ' ಎಂದು ಬರೆದಿತ್ತು. ಅವಳು ಸಹಿ ಹಾಕದೆ ಕೌಂಟರಿನ ಮುಂದೆ ಕುರ್ಚಿ ಎಳೆದುಕೊಂಡು ಕೂತಳು. ದೀಪ ಆರಿಸಿದರು, ಬಾಗಿಲ ಶಟರ್ ಅರ್ಧ ಇಳಿಸಿದರು. ಅವಳು ಏಳಲಿಲ್ಲ. ಕೊನೆಗೆ ಮ್ಯಾನೇಜರ್, ಕಂಪ್ರೆಸರಿನ ದೋಷ ಮೂರು ಸಲದ ತಪಾಸಣೆಯಲ್ಲೂ ನಮ್ಮ ಕಣ್ತಪ್ಪಿ ಹೋಗಿತ್ತು ಎಂದು ತನ್ನ ಕೈಯಾರೆ ಬರೆದು ಮುದ್ರೆ ಒತ್ತಿದ.

ಆ ಕಾಗದ ಹಿಡಿದು ಟೀಚರ ಮನೆಗೆ ಹೋದಳು. ಮಗಳು ಬಾಗಿಲಲ್ಲೇ ನಿಂತು ಓದಿ ಹಿಂದಕ್ಕೆ ಕೊಟ್ಟಳು. ಬೇರೆ ಗಾಡಿ ಗೊತ್ತು ಮಾಡಿಕೊಂಡಿದ್ದೇವೆ ಎಂದಳು. ಆ ಸಿಟ್ಟು ನ್ಯಾಯವೇ ಅನ್ನಿಸಿ ಅವಳು ಮೆಟ್ಟಿಲಿಳಿಯತೊಡಗಿದಳು.

"ನಾಳೆ ಏಳೂವರೆಗೆ ಬಂದ್ಬಿಡು ಮಗಳೇ," ಎಂದು ಒಳಗಿನಿಂದ ಟೀಚರ ದನಿ ಬಂತು. "ಆ ಬೇರೆಯವನು ಫೋನಲ್ಲೇ ನನ್ನ ಮಾತು ಕೇಳಿಸಿಕೊಳ್ಳಲಿಲ್ಲ."

ಮಗಳ ಮುಖದ ಬಿಗಿ ಸಡಿಲಲಿಲ್ಲ. "ಹಾಗಾದ್ರೆ ನಾನೂ ಜೊತೇಲಿ ಬರ್ತೀನಿ," ಎಂದಳು.

"ಬನ್ನಿ," ಎಂದಳು ಅವಳು.