ಎಣ್ಣೆ ತಾಗಿದ ಬಿಲ್ಲೆ

ನಮ್ಮನೆಯವರದು ಗಡಿಯಾರ ರಿಪೇರಿ ಅಂಗಡಿ. ಅದರ ಇನ್ನೊಂದು ಮೂಲೆಯಲ್ಲಿ ನನ್ನ ಹೊಲಿಗೆ ಮಿಷನ್ನು. ಮದುವೆಯಾದಾಗಿನಿಂದ ಅವರ ಬಾಯಲ್ಲಿ 'ತಪ್ಪಾಯ್ತು' ಅನ್ನುವ ಮಾತು ಕೇಳಿಲ್ಲ. ಅದಕ್ಕೂ ಮೊದಲು ಯಾವಾಗಲಾದರೂ ಅಂದಿದ್ದರೋ ಏನೋ, ಅತ್ತೆ ಇದ್ದಿದ್ದರೆ ಕೇಳಬಹುದಿತ್ತು.

ಬೀದಿಯ ಕೊನೆಯಲ್ಲಿರುವ ನಿವೃತ್ತರ ಕ್ಲಬ್ಬಿನಲ್ಲಿ ಕುದುರೆ ರೇಸಿನ ಯಂತ್ರವೊಂದಿದೆ, ನಮಗಿಂತ ಹಳೆಯದು. ಗಾಜಿನ ಮುಚ್ಚಳದ ಕೆಳಗೆ ಆರು ತಗಡಿನ ಕುದುರೆಗಳು. ಹ್ಯಾಂಡಲ್ ತಿರುಗಿಸಿ ಬಿಟ್ಟರೆ ಗಿರಗಿರನೆ ಸುತ್ತಿ ಒಂದೊಂದಾಗಿ ನಿಲ್ಲುತ್ತವೆ. ಕೊನೆಗೆ ನಿಂತದ್ದು ಗೆದ್ದಂತೆ. ಸೋತವರು ಎಲ್ಲರಿಗೂ ಚಹಾ ಮಾಡಿ ಲೋಟ ತೊಳೆಯಬೇಕು. ಪ್ರತಿ ಕುದುರೆಯ ಬುಡದಲ್ಲೂ ಬ್ರೇಕಿನ ಹಾಗೆ ಉಣ್ಣೆಯ ಒಂದು ಬಿಲ್ಲೆ ಇರುತ್ತದೆ. ಅದಕ್ಕೆ ಎಣ್ಣೆ ತಾಗಬಾರದು. ತಾಗಿದರೆ ಹಿಡಿತ ತಪ್ಪಿ ಆ ಕುದುರೆ ನಿಲ್ಲುವುದೇ ಇಲ್ಲ. ವರ್ಷಕ್ಕೊಮ್ಮೆ ಯಂತ್ರ ಬಿಚ್ಚಿ, ಒರೆಸಿ, ಎಣ್ಣೆ ಬಿಡುವ ಕೆಲಸ ನಮ್ಮನೆಯವರದು.

ಹ್ಯಾಂಡಲ್ ತಿರುಗಿಸುವುದು ನನ್ನ ತಮ್ಮ. ಪೋಸ್ಟ್‌ಮ್ಯಾನ್ ಆಗಿ ನಿವೃತ್ತನಾದವನು. ಕ್ಲಬ್ಬಿನವರು ಅವನನ್ನು 'ಸವಾರ' ಅನ್ನುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಆ ಹ್ಯಾಂಡಲ್ಲೇ ಅವನಿಗೆ ಮನೆ, ಸಂಸಾರ ಎಲ್ಲ. ಅವನು ಯಾವತ್ತೂ ಕಟ್ಟುತ್ತಿದ್ದುದು ಕಪ್ಪು ಕುದುರೆಗೇ. ಅದು ಸಾಮಾನ್ಯವಾಗಿ ಸೋಲುತ್ತಿತ್ತು, ಇವನು ನಗುನಗುತ್ತಾ ಲೋಟ ತೊಳೆಯುತ್ತಿದ್ದ.

ಈ ಸಲ ಎಣ್ಣೆ ಬಿಟ್ಟ ಮೇಲೆ ಕಪ್ಪು ಕುದುರೆ ಗೆಲ್ಲುತ್ತಲೇ ಹೋಯಿತು. ಮೊದಮೊದಲು ಎಲ್ಲರೂ ತಮಾಷೆ ಮಾಡಿದರು, ಆಮೇಲೆ ಗುಸುಗುಸು ಶುರುವಾಯಿತು. ಕಾರ್ಯದರ್ಶಿಗಳು ಎಲ್ಲರೆದುರೇ ನಮ್ಮನೆಯವರನ್ನು ಕೇಳಿದರು, "ಯಂತ್ರದಲ್ಲೇನಾದ್ರೂ ಹೆಚ್ಚುಕಡಿಮೆ ಆಗಿದ್ಯಾ ಸ್ವಾಮಿ?"

"ಕಣ್ಣಿಗೆ ಎಣ್ಣೆ ಬಿಟ್ಕೊಂಡು ನೋಡಿದೀನಿ. ಯಂತ್ರ ಸರಿಯಾಗೇ ಇದೆ. ತಿರುಗ್ಸೋ ಕೈ ವಿಷಯ ನನ್ನ ಕೇಳ್ಬೇಡಿ."

ಅಷ್ಟು ಸಾಕಾಯಿತು. ಹ್ಯಾಂಡಲ್ಲು ಕ್ಲಬ್ಬಿನ ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರ ಕೈಗೆ ಹೋಯಿತು. ತಮ್ಮ ಕ್ಲಬ್ಬಿಗೆ ಹೋಗುವುದನ್ನೇ ಬಿಟ್ಟ.

ಮೇಷ್ಟ್ರು ಆಟ ಶುರುಮಾಡುವ ಮೊದಲೇ ನಮ್ಮನೆಯವರು ಗುಟ್ಟಾಗಿ ತಿರುಗಿಸಿ ನೋಡಿರಬೇಕು, ಆಗಲೂ ಕಪ್ಪು ಕುದುರೆಯೇ ಗೆದ್ದಿರಬೇಕು. ಯಾಕೆಂದರೆ ಮಾರನೆಯ ದಿನವೇ ನಮ್ಮನೆಯವರು ಒಂದು ಬಿಲ್ಲೆ ತಂದು ನನ್ನ ಮಿಷನ್ನಿನ ಮೇಲಿಟ್ಟರು.

"ಇದೇ ಅಳತೆಗೆ ಹೊಸದೊಂದು ಕತ್ತರಿಸಿ ಕೊಡು. ಕಪ್ಪು ಕುದುರೇದು."

ಕೈಗೆ ತೆಗೆದುಕೊಂಡರೆ ಬೆರಳೆಲ್ಲ ಜಿಡ್ಡು. ಅದೇ ಗಡಿಯಾರದ ಎಣ್ಣೆಯ ವಾಸನೆ, ಅವರ ಅಂಗಿ ಒಗೆದೂ ಒಗೆದೂ ನನಗೆ ಅಭ್ಯಾಸವಾಗಿಬಿಟ್ಟದ್ದು.

"ರೀ, ಇದಕ್ಕೆ ಎಣ್ಣೆ ತಾಗಿದೆ."

"ಕತ್ತರಿಸು ಅಂದ್ನಲ್ಲ."

ಕತ್ತರಿಸಿ ಕೊಟ್ಟೆ, ಹಳೆಯದನ್ನು ಚಿಂದಿಯ ಚೀಲಕ್ಕೆ ಹಾಕಿದೆ. ಕ್ಲಬ್ಬಿನಲ್ಲಿ ತಾವೇ ಬಾಯಿ ಬಿಟ್ಟು ಹೇಳುತ್ತಾರೆ ಅಂದುಕೊಂಡೆ. ಹೇಳಲಿಲ್ಲ. ಯಾರೂ ಇಲ್ಲದಾಗ ಹೋಗಿ ಹೊಸ ಬಿಲ್ಲೆ ಕೂರಿಸಿ, ಆರೂ ಕುದುರೆ ಒಂದೇ ಸಮ ಓಡುವವರೆಗೆ ತಿರುಪು ಬಿಗಿಮಾಡಿ ಬಂದರು. ಕಪ್ಪು ಕುದುರೆ ಮತ್ತೆ ಸೋಲತೊಡಗಿತು.

ಆ ವಾರ ದಿಂಬಿನ ಕವರು ಹೊಲಿಸಲು ಬಂದ ಕಾರ್ಯದರ್ಶಿಗಳ ಹೆಂಡತಿ ಅಂದರು, "ಕೈ ಬದಲಾಗಿದ್ದೇ ತಡ, ಎಲ್ಲ ಸರಿಹೋಯ್ತಂತೆ. ನಿಮ್ಮ ತಮ್ಮ ಹಾಗೆ ಅಂತ ಯಾರಿಗೆ ಗೊತ್ತಿತ್ತು." ನಾನು ದಾರ ಹಲ್ಲಿನಲ್ಲಿ ಕಚ್ಚಿ ಹರಿದು, ಕವರಿನ ಅಳತೆ ಕೇಳಿದೆ. ನೆಟ್ಟಗೆ ಅವರ ಮುಖ ನೋಡಲಾಗಲಿಲ್ಲ. ಒಡಹುಟ್ಟಿದವನ ಮಾನ ಹೋಗುತ್ತಿದೆ, ನಾನು ಅಳತೆ ಕೇಳುತ್ತಿದ್ದೇನೆ.

ಅವತ್ತು ಸಂಜೆ ತಮ್ಮ ಬಂದ. ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟುಕೊಂಡು ಬಂದಿದ್ದ. ಕೂರು ಅಂದರೂ ಕೂರಲಿಲ್ಲ.

"ಭಾವ, ಕ್ಲಬ್ಬಲ್ಲಿ ನನ್ನಿಂದ ನಿಮಗೂ ತಲೆ ತಗ್ಗಿಸೋ ಹಾಗಾಯ್ತು. ನಾನು ಬೇಕು ಅಂತ ಏನೂ ಮಾಡಿಲ್ಲ. ಆದ್ರೆ ಕಪ್ಪು ಗೆಲ್ಲಲಿ ಅಂತ ಮನಸ್ಸಲ್ಲಿ ಇದ್ದೇ ಇರ್ತಿತ್ತಲ್ಲ, ಕೈ ತಾನಾಗೇ ಏನೋ ಮಾಡಿರ್ಬೇಕು." ತನ್ನ ಅಂಗೈಯನ್ನೇ ಬೇರೆ ಯಾರದೋ ಕೈಯನ್ನು ನೋಡುವಂತೆ ನೋಡಿಕೊಂಡ. "ಕ್ಷಮಿಸಿಬಿಡಿ."

ನಮ್ಮನೆಯವರು ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆಯಲೂ ಇಲ್ಲ.

"ಹೋಗ್ಲಿ ಬಿಡು. ನಾನೇನೂ ಮನಸ್ಸಲ್ಲಿ ಇಟ್ಕೊಂಡಿಲ್ಲ."

ನಾನು ಎದ್ದು, ಚಿಂದಿಯ ಚೀಲ ಕೆದಕಿ, ಆ ಹಳೆಯ ಬಿಲ್ಲೆ ತೆಗೆದು ತಮ್ಮನ ಅಂಗೈಯಲ್ಲಿಟ್ಟೆ.

"ಮೂಸಿ ನೋಡು. ಕಪ್ಪು ಕುದುರೇದು."

ಮೂಸಿದ. ಬೆರಳಲ್ಲಿ ಒತ್ತಿ ನೋಡಿದ. ಅಷ್ಟು ವರ್ಷ ಆ ಯಂತ್ರದ ಪಕ್ಕದಲ್ಲೇ ನಿಂತವನಿಗೆ ಬಿಡಿಸಿ ಹೇಳುವುದು ಬೇಕಿರಲಿಲ್ಲ.

ನಮ್ಮನೆಯವರು ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟರು. ತಲೆ ಎತ್ತಲಿಲ್ಲ. "ತಪ್ಪಾಯ್ತು ಕಣಪ್ಪ," ಅಂದರು. "ನಾಳೆ ಕ್ಲಬ್ಬಲ್ಲಿ ಎಲ್ಲರೆದುರೂ ಹೇಳ್ತೀನಿ."

ಇಷ್ಟು ವರ್ಷ ಕಾದ ಮಾತು ಕೊನೆಗೂ ಬಂದಿತ್ತು, ನನಗೆ ಒಂದಿಷ್ಟೂ ಸಮಾಧಾನವಾಗಲಿಲ್ಲ. ತಮ್ಮ ಅವರ ಕಡೆ ನೋಡುತ್ತಲೇ ಇರಲಿಲ್ಲ. ನನ್ನ ಮಿಷನ್ನಿನ ಮೇಲೆ ಕತ್ತರಿಯ ಪಕ್ಕ ಬಿದ್ದಿದ್ದ ಉಣ್ಣೆಯ ತುಂಡನ್ನು, ಅದರ ನಡುವೆ ದುಂಡಗೆ ಕತ್ತರಿಸಿದ ತೂತನ್ನು ನೋಡುತ್ತಿದ್ದ.

"ಹೊಸದನ್ನ ಕತ್ತರಿಸಿ ಕೊಟ್ಟಿದ್ದು ನೀನೇ ಅಲ್ವಾ, ಅಕ್ಕ?"

ಹೌದು ಎಂದೆ.