ಬುದ್ಧನ ಟವರಿನ ಕಲ್ಲು

ಮೂವತ್ತು ವರ್ಷ ಪುಣೆಯ ಕಾಲೇಜೊಂದರಲ್ಲಿ ಪಾಲಿ ಭಾಷೆ ಕಲಿಸಿದ ಶೈಲಾ ಅವರಿಗೆ ಮಂದಿಯ ತಿಳಿವಳಿಕೆಯ ಬಗ್ಗೆ ಎಳ್ಳಷ್ಟೂ ಗೌರವ ಉಳಿದಿರಲಿಲ್ಲ. ಚಪ್ಪಲಿ ಸ್ಟ್ಯಾಂಡಿನ ಮೇಲೆ ಬುದ್ಧನನ್ನು ಕೂರಿಸುವವರು, ಚೀನಾದ ನಗುವ ಡೊಳ್ಳುಹೊಟ್ಟೆಯವನೇ ಗೌತಮನೆಂದು ತಿಳಿದವರು, ಮಹಾವೀರನಿಗೂ ಬುದ್ಧನಿಗೂ ವ್ಯತ್ಯಾಸ ಗೊತ್ತಿಲ್ಲದ ಪದವೀಧರರು ಎಲ್ಲರನ್ನೂ ಅವರು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು: "ದಡ್ಡರು."

ಹಾಗಾಗಿ ಬಿಲ್ಡರ್ ಕಚೇರಿಯ ಪ್ರಚಾರ ವಿಭಾಗದ ಅಮೇಯ ಖಡಕಿಯಲ್ಲಿದ್ದ ಅವರ ಮನೆಗೆ ಬಂದು ಬಣ್ಣದ ಪುಸ್ತಿಕೆ ಬಿಚ್ಚಿದಾಗ ಅವರು ಕನ್ನಡಕ ಏರಿಸಿಕೊಂಡು ನೋಡಿ ಮೂಗು ಮುರಿದರು. ಪುಣೆಯ ಹೊರಗೆ ಭೋರ್ ದಾರಿಯಲ್ಲಿ ಗುಡ್ಡ ಕಡಿದು ಎಬ್ಬಿಸಿದ 'ಪಂಚದರ್ಶನ'ದಲ್ಲಿ ಐದು ಟವರ್. ಬುದ್ಧ, ಮಹಾವೀರ, ಕನ್‌ಫ್ಯೂಷಿಯಸ್, ಲಾವೋತ್ಸು, ಜರತುಷ್ಟ್ರ.

"ಒಂದೊಂದು ಟವರ್ ಮುಂದ ಒಂದೊಂದು ಕಲ್ಲು ಮೇಡಮ್," ಅಂದ ಬೆಳಗಾವಿ ಕಡೆಯ ಅಮೇಯ. "ಅವರು ಎಲ್ಲಿಯವರು, ಏನು ಹೇಳಿದ್ರು, ಮರಾಠಿಯೊಳಗ ನಾಕ್ನಾಕು ಸಾಲು. ಪಾಸಿಟಿವ್ ಇರಬೇಕ್ರಿ."

"ಬುದ್ಧ ಮನಿ ಬಿಟ್ಟು ಹೋದಾಂವ. ಅವನ ಹೆಸರಿಲೆ ಮನಿ ಮಾರ್ತೀರಿ?"

"ಹೆಸರಿಗೆ ಭಾಳ ಡಿಮ್ಯಾಂಡ್ ಅದರಿ."

ಅವನನ್ನು ಅಲ್ಲಿಂದಲೇ ಕಳಿಸಿಬಿಡಬಹುದಿತ್ತು. ಆದರೆ ನಿವೃತ್ತಿಯಾಗಿ ನಾಲ್ಕು ವರ್ಷದಲ್ಲಿ ಯಾರೂ ಅವರನ್ನು ಏನೂ ಕೇಳಿಕೊಂಡು ಬಂದಿರಲಿಲ್ಲ. ದಡ್ಡರು ಬರೆದು ಕೆಡಿಸುವುದಕ್ಕಿಂತ ತಾನೇ ಬರೆಯುವುದು ಮೇಲು ಎಂದು ತಮಗೆ ತಾವೇ ಹೇಳಿಕೊಂಡು ಒಪ್ಪಿದರು.

ಒಂದು ವಾರ ಕೂತು ಬರೆದರು. ಮುಪ್ಪು, ರೋಗ, ಸಾವು ಕಂಡ ಶಾಕ್ಯರ ಹುಡುಗ ಸಾರನಾಥದಲ್ಲಿ ಮೊದಲು ಹೇಳಿದ್ದು: ದುಃಖವಿದೆ, ಅದರ ಬೇರು ತೃಷ್ಣೆ, ಅದನ್ನು ಕಿತ್ತರೆ ಬಿಡುಗಡೆ. ಮಹಾವೀರ ಜೈನ ಮತ ಹುಟ್ಟಿಸಿದವನಲ್ಲ, ಇಪ್ಪತ್ನಾಲ್ಕನೆಯ ತೀರ್ಥಂಕರ. ಕೊಲ್ಲಬೇಡ, ಕೂಡಿಡಬೇಡ ಎಂದವನು. ಲೂ ರಾಜ್ಯದ ಕನ್‌ಫ್ಯೂಷಿಯಸ್‌ಗೆ ಮನುಷ್ಯತ್ವವೇ ಧರ್ಮ, ಮನೆಯ ಹಿರಿಯರಿಂದಲೇ ಅದರ ಮೊದಲ ಪಾಠ. ಲಾವೋತ್ಸು ಇದ್ದನೋ ಇಲ್ಲವೋ ಯಾರಿಗೂ ಖಾತ್ರಿಯಿಲ್ಲ. ನೀರಿನ ಹಾಗೆ ತಗ್ಗಿಗೆ ಹರಿಯುವುದೇ ಅವನ ದಾರಿ. ಇರಾನಿನ ಜರತುಷ್ಟ್ರನಿಗೆ ಬದುಕೆಂದರೆ ನಿಜಕ್ಕೂ ಸುಳ್ಳಿಗೂ ನಡೆಯುವ ಯುದ್ಧ. ವಿಚಾರ, ಮಾತು, ಕೆಲಸ ಮೂರೂ ಒಳ್ಳೆಯವಿರಬೇಕು.

ಹದಿನೈದು ದಿನಕ್ಕೆ ಅಮೇಯ ತಿದ್ದಿದ ಪ್ರತಿ ತಂದ. ಬುದ್ಧನ ಕಲ್ಲಿನಿಂದ ದುಃಖ ಹೋಗಿತ್ತು. 'ದೊಡ್ಡ ಆಸೆ ಇಟ್ಟುಕೊಳ್ಳಿ, ಶಾಂತಿ ಪಡೆಯಿರಿ' ಎಂದು ಬಂದಿತ್ತು. ಮಹಾವೀರನ 'ಕೂಡಿಡಬೇಡ' ಕಾಣೆಯಾಗಿತ್ತು.

"ಆ ಟವರಿನಾಗ ಮನಿಗೆ ಮೂರು ಪಾರ್ಕಿಂಗ್ ಅದಾವ್ರಿ," ಅಂದ ಅಮೇಯ ಸಂಕೋಚದಿಂದ.

"ಲಾವೋತ್ಸುಗೆ ಏನೂ ಆಗಿಲ್ಲಲಾ?"

"ನೀರಿನ ಮಾತು ತೆಗಿಸಿದ್ರು ನಮ್ಮ ಶೇಟ್. ನಳ ಇನ್ನೂ ಬಂದಿಲ್ರಿ, ಟ್ಯಾಂಕರ್ ಬರ್ತದ."

ಶೈಲಾ ಅವನನ್ನು ಕಳಿಸಿ ಬಾಗಿಲು ಹಾಕಿಕೊಂಡರು. ಮರುದಿನವೇ ಆಟೋ ಹಿಡಿದು ಕಟ್ಟಡದ ಜಾಗಕ್ಕೆ ಹೋದರು. ಕಲ್ಲು ಕೆತ್ತುತ್ತಿದ್ದವನು ಭೀಮು, ಸುರಪುರದ ಕಡೆಯವನು. ನಾಲ್ಕು ಕಲ್ಲು ಮುಗಿದಿದ್ದವು. ಬುದ್ಧನದು ಒಂದೇ ಉಳಿದಿತ್ತು. ಶೈಲಾ ತಮ್ಮ ಮೂಲ ಬರಹದ ಹಾಳೆಯನ್ನು ಅವನ ಕೈಗಿತ್ತರು.

"ಇದನ್ನ ಕೆತ್ತು. ನಿನಗ ಕೊಟ್ಟ ಆ ಹಾಳಿ ತಪ್ಪು ಅದ."

ಭೀಮು ಎರಡೂ ಹಾಳೆ ತಿರುವಿ ನೋಡಿದ. "ಸಾಹೇಬ್ರಿಗೆ ಗೊತ್ತದ ಏನ್ರಿ ಅಕ್ಕಾರ?"

"ಗೊತ್ತದ," ಅಂದರು ಶೈಲಾ. ನಾಲಿಗೆ ತಡವರಿಸಲಿಲ್ಲ.

ಉದ್ಘಾಟನೆಯ ದಿನ ಮುಂದಿನ ಸಾಲಿನಲ್ಲೇ ಕೂತರು. ಅಮೇಯನ ಶೇಟ್, ಬಿಲ್ಡರ್ ಸುಂದರ ಅಂಗಡಿ ಎಂಬಾತ, ಪರದೆ ಸರಿಸಿದ. ಆಸೆಯೇ ದುಃಖದ ಬೇರು ಎಂಬ ಸಾಲು ಮನೆ ಕೊಳ್ಳಲು ಬಂದ ಇನ್ನೂರು ಜನರ ಕಣ್ಣೆದುರು ನಿಂತಿತು. ಗದ್ದಲ ಏಳುತ್ತದೆಂದು ಶೈಲಾ ಕಾದರು. ಜನ ಕಲ್ಲಿಗೆ ಬೆನ್ನು ಹಾಕಿ ಫೋಟೋ ತೆಗೆಸಿಕೊಂಡರು, ಆಮೇಲೆ ಜಿಲೇಬಿಯ ಟೇಬಲ್ಲಿಗೆ ನಡೆದರು. ಒಬ್ಬನೂ ಓದಲಿಲ್ಲ. 'ದಡ್ಡರು' ಎಂದುಕೊಂಡು ಅವರು ಮನೆಗೆ ಬಂದರು.

ಓದಿದವನು ಅಮೇಯ ಒಬ್ಬನೇ, ಅದೂ ವಾರದ ಮೇಲೆ. ಅವನು ಫೋನ್ ಮಾಡಿದಾಗ ಶೈಲಾ ಜಗಳಕ್ಕೆ ತಯಾರಾಗಿದ್ದರು.

"ಆ ಕಲ್ಲಿನವನನ್ನ ತೆಗೆದು ಹಾಕಿವ್ರಿ ಮೇಡಮ್. ನಿಮಗ ಹೇಳಿರ್ಲಿ ಅಂತ."

ಮರುದಿನ ಬೆಳಿಗ್ಗೆ ಬಿಲ್ಡರ್ ಅಂಗಡಿಯ ಕಚೇರಿಗೆ ಹೋಗಿ ನಿಂತೇ ಹೇಳಿದರು, "ಭೀಮೂನ ತಪ್ಪಿಲ್ಲ. ಹಾಳಿ ಕೊಟ್ಟಾಕಿ ನಾನು."

ಅಂಗಡಿ ನಕ್ಕ. ಸಿಟ್ಟು ಬಂದಿದ್ದರೆ ಶೈಲಾ ಅವರಿಗೆ ಎಷ್ಟೋ ಹಗುರಾಗುತ್ತಿತ್ತು. "ಕೂಡ್ರಿ ಮೇಡಮ್, ಚಹಾ ತಗೋರಿ. ಕಲ್ಲು ಇರಲಿ ಬಿಡ್ರಿ, ಓದೋರು ಯಾರದಾರ? ಮುಂದ ಎರಡು ಹೂವಿನ ಕುಂಡ ಇಡಸ್ತೀನಿ, ಮುಗೀತು. ಅವನನ್ನ ಬೇಕಾದ್ರ ಕರಕೊಂಡು ಬರ್ರಿ."

ಮೂವತ್ತು ವರ್ಷದ ವಿದ್ಯೆಗೆ ಎರಡು ಹೂವಿನ ಕುಂಡ. ಶೈಲಾ ಚಹಾ ಮುಟ್ಟಲಿಲ್ಲ.

ಅಲ್ಲಿಂದ ಕಟ್ಟಡದ ಜಾಗಕ್ಕೆ ಹೋದಾಗ, ಕೂಲಿಯವರ ತಗಡಿನ ಶೆಡ್ಡಿನಲ್ಲಿ ಭೀಮುವಿನ ಹೆಂಡತಿ ಕಲ್ಲವ್ವ ಗಂಟು ಕಟ್ಟುತ್ತಿದ್ದಳು. ಗಂಡ ಕುರಕುಂಭದ ರಾಸಾಯನಿಕ ಕಾರ್ಖಾನೆಯಲ್ಲಿ ಡ್ರಮ್ ಎತ್ತುವ ಕೆಲಸಕ್ಕೆ ಹೋಗಿದ್ದ.

"ಆ ಕಲ್ಲಿನಾಗ ಏನು ಬರಸಿದ್ರಿ?" ಎಂದಳು ತಲೆ ಎತ್ತದೆ.

ಶೈಲಾ ಹೇಳಿದರು.

"ಇಷ್ಟಕ್ಕ ಕೆಲಸ ಹೋತೇನ್ರಿ?" ಅಂದಳು ಕಲ್ಲವ್ವ, ಗಂಟನ್ನು ಹಲ್ಲಿನಿಂದ ಬಿಗಿಯುತ್ತ.

ಮರುದಿನ ಶೈಲಾ ದೌಂಡ್ ರೈಲು ಹತ್ತಿದರು. ಅಲ್ಲಿಂದ ಜೀಪಿನಲ್ಲಿ ಕುರಕುಂಭ. ಗೇಟಿನ ಹೊರಗೆ ಎರಡು ತಾಸು ನಿಂತರು. ಕಣ್ಣಿಗೆ ಉರಿಯುವ ವಾಸನೆಯ ನಡುವೆ, ಊಟದ ಬಿಡುವಿನಲ್ಲಿ ಭೀಮು ಬಂದ.

"ವಾಪಸ್ ಬಾ. ಶೇಟ್ ಒಪ್ಪ್ಯಾರ."

ಭೀಮು ಕೈ ಒರೆಸಿಕೊಂಡ. "ಅವತ್ತು ನಾ ಕೇಳಿದ್ನಲ್ರಿ ಅಕ್ಕಾರ. ಗೊತ್ತದ ಅಂದ್ರಿ."

"ಸುಳ್ಳು ಹೇಳಿದೆ," ಎಂದರು ಶೈಲಾ.

ಭೀಮು ಅವರನ್ನು ನೋಡಿದ. ತರಗತಿಯಲ್ಲಿ ದಡ್ಡ ವಿದ್ಯಾರ್ಥಿಗಳನ್ನು ಶೈಲಾ ನೋಡುತ್ತಿದ್ದುದೂ ಹೀಗೆಯೇ.

"ಸೋಮವಾರ ಬರ್ತೀನ್ರಿ," ಅಂದ. "ಉಳಿ ಹಿಡಿಯೋ ಕೈ, ಡ್ರಮ್ಮಿಗೆ ಹೊಂದಂಗಿಲ್ಲ. ನೀವಿನ್ನ ಹೋಗ್ರಿ, ಬಿಸಿಲದ."